ಗೇಟಿನಿಂದ ಪೋರ್ಟಿಕೋವರೆಗೆ: ನಂಜನಗೂಡು, ತಿ. ನರಸೀಪುರದ ಹೊಸ ಮನೆಗಳಿಗೆ 14 ಸೂತ್ರಗಳು

ಮನೆ ಕಟ್ಟಿ ಮುಗಿಯುವ ಹೊತ್ತಿಗೆ ಕೈಯಲ್ಲಿನ ದುಡ್ಡು ಕರಗಿರುತ್ತದೆ, ಮೈಯಲ್ಲಿನ ತ್ರಾಣವೂ ಉಡುಗಿರುತ್ತದೆ. ಗೃಹಪ್ರವೇಶಕ್ಕೆ ಮುಹೂರ್ತ ಗೊತ್ತಾಗಿ ಕಾರ್ಡು ಹಂಚಿಯೂ ಆಗಿದೆ. ಕಾರು ಬರುವ ಹಾದಿ ಮಾತ್ರ ಇನ್ನೂ ಬರೀ ಮಣ್ಣು. "ಎರಡೇ ದಿನ ಸಾರ್, ಹಾಕಿಕೊಟ್ಬಿಡ್ತೀನಿ" ಎಂದು ಮೇಸ್ತ್ರಿ ಅಂದರೆ ಯಾರೂ ಮರುಮಾತಾಡುವುದಿಲ್ಲ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಟೈಲ್ಸ್ ಟೊಳ್ಳು ಸದ್ದು ಮಾಡುತ್ತದೆ, ಇಂಟರ್‌ಲಾಕ್ ಚಕ್ರದ ಜಾಡಿನಲ್ಲಿ ಕುಸಿಯುತ್ತದೆ, ಕಾಂಕ್ರೀಟ್ ಅಡ್ಡಡ್ಡ ಸೀಳುತ್ತದೆ. ಬೈಗುಳ ತಿನ್ನುವುದು ಮೇಲೆ ಹಾಸಿದ ವಸ್ತು. ತಪ್ಪು ಬಹುಪಾಲು ಅದರ ಕೆಳಗಿರುತ್ತದೆ.

ನಮ್ಮ ಕಡೆ ಇದನ್ನು ಇನ್ನಷ್ಟು ಗಮನವಿಟ್ಟು ನೋಡಬೇಕು. ದಿಣ್ಣೆಯ ಮೇಲೆ ಕೆಂಪು ಮಣ್ಣು, ತಗ್ಗಿನಲ್ಲಿ ಎರೆ, ನಾಲೆಯ ಕೆಳಗೆ ಗದ್ದೆ ಮಣ್ಣು. ಒಂದೇ ತಾಲ್ಲೂಕಿನಲ್ಲಿ ಇವು ಮೂರೂ ಸಿಗುತ್ತವೆ. ಮೈಸೂರಿನ ನೆಂಟರ ಮನೆ ಮುಂದೆ ಹತ್ತು ವರ್ಷದಿಂದ ಗಟ್ಟಿಯಾಗಿರುವ ಹಾಸು ನಿಮ್ಮ ಸೈಟಿನಲ್ಲಿ ಎರಡು ವರ್ಷವೂ ಬಾಳದಿರಬಹುದು. ಆದ್ದರಿಂದ ಮೊದಲು ಮಣ್ಣು ನೋಡಿ, ಆಮೇಲೆ ನೀರು, ಆಮೇಲೆ ತೂಕ. ಬಣ್ಣ, ಡಿಸೈನು ಎಲ್ಲಕ್ಕಿಂತ ಕೊನೆಗೆ.

1. ಅಂಗಡಿಗೆ ಹೋಗುವ ಮೊದಲು ಮಣ್ಣು ಪರೀಕ್ಷಿಸಿ

ಬೇಸಿಗೆಯಲ್ಲಿ ಸೈಟು ಬೆರಳು ತೂರುವಷ್ಟು ಬಿರುಕು ಬಿಡುತ್ತದೆಯೇ? ಮಳೆ ಬಂದರೆ ಚಪ್ಪಲಿಗೆ ಮಣ್ಣು ಮೆತ್ತಿಕೊಂಡು ಕಾಲೆತ್ತುವುದೇ ಕಷ್ಟವಾಗುತ್ತದೆಯೇ? ಹಾಗಾದರೆ ಅದು ಎರೆ ಮಣ್ಣು. ನಂಜನಗೂಡು ರಸಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಅದರ ರುಚಿ, ಪರಿಮಳಕ್ಕೆ ದೇವರಸನಹಳ್ಳಿ ಸುತ್ತಿನ ಕಪ್ಪು ಜೇಡಿಮಣ್ಣೇ ಕಾರಣ ಎಂದು ಬೆಳೆದವರು ಹೇಳುತ್ತಾರೆ. ಬಾಳೆಗೆ ಒದಗಿಬಂದ ಆ ಬಗೆಯ ಮಣ್ಣು ಕಾಂಕ್ರೀಟಿಗೆ ಒದಗುವುದಿಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಮೇಲಿರುವುದನ್ನೆಲ್ಲ ವರ್ಷ ವರ್ಷವೂ ಎತ್ತಿ ಇಳಿಸುತ್ತದೆ.

ಕಣ್ಣಂದಾಜು ಸಾಲದೆನಿಸಿದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಒಂದೂವರೆ ಅಡಿ ಆಳದಿಂದ ಮಣ್ಣು ತೆಗೆದು ಚೆನ್ನಾಗಿ ಒಣಗಿಸಿ, ಕುಟ್ಟಿ, ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿಯಿರಿ. ಒಂದೇ ಅಳತೆಯ ಎರಡು ಉದ್ದನೆಯ ಗಾಜಿನ ಲೋಟಗಳಿಗೆ ಆ ಪುಡಿಯನ್ನು ಸಮನಾಗಿ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ಹೊಯ್ದು, ಕಡ್ಡಿಯಿಂದ ಕಲಕಿ ಗುಳ್ಳೆ ಬಿಡಿಸಿ, ಒಂದು ಹಗಲು ಒಂದು ರಾತ್ರಿ ಮುಟ್ಟದೆ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಸಿಗದಿದ್ದರೆ ಡೀಸೆಲ್ ಕೂಡ ನಡೆಯುತ್ತದೆ, ಒಲೆಯಿಂದ ದೂರವಿಡಿ ಅಷ್ಟೆ. ಮಾರನೆಯ ದಿನ ನೀರಿನ ಲೋಟದ ತಳದಲ್ಲಿ ಕೂತ ಮಣ್ಣಿನ ಎತ್ತರ ಇನ್ನೊಂದರದಕ್ಕಿಂತ ಒಂದೂವರೆ ಪಟ್ಟು ಅಥವಾ ಅದಕ್ಕೂ ಹೆಚ್ಚಿದ್ದರೆ, ಆ ಮಣ್ಣಿನ ಮೇಲೆ ನೇರವಾಗಿ ಏನನ್ನೂ ಹಾಸಬೇಡಿ. ಮಣ್ಣಿನ ಪ್ರಯೋಗಾಲಯಗಳು ಉಬ್ಬುವ ಗುಣವನ್ನು ಅಳೆಯುವುದೂ ಇದೇ ರೀತಿಯಲ್ಲಿ.

2. ಎರೆ ಮಣ್ಣಾದರೆ ಖರ್ಚನ್ನು ಕೆಳಗೆ ಮಾಡಿ

ಒಂದೂವರೆಯಿಂದ ಎರಡು ಅಡಿ ಎರೆ ತೆಗೆಸಿ. ಆ ಗುಂಡಿಗೆ ಗ್ರಾವೆಲ್ ಮಣ್ಣು ತುಂಬಿಸಿ. ಒಂದೇ ಸಲಕ್ಕೆ ಟಿಪ್ಪರ್‌ನಿಂದ ಸುರಿಸಿ ಮೇಲೆ ನೀರು ಬಿಟ್ಟರೆ ಆಗಲಿಲ್ಲ. ಆರಾರು ಇಂಚಿನ ಪದರ ಹರಡಿ, ಹದವಾಗಿ ನೀರು ಚಿಮುಕಿಸಿ, ಪ್ರತಿ ಪದರಕ್ಕೂ ದಿಮ್ಮಸು ಬೀಳಬೇಕು. ಈಗ ಪ್ಲೇಟ್ ಕಂಪ್ಯಾಕ್ಟರ್ ದಿನದ ಬಾಡಿಗೆಗೆ ಸಿಗುತ್ತದೆ, ಕೈ ದಿಮ್ಮಸಿಗಿಂತ ಅದೇ ಮೇಲು. ಗುಂಡಿಗೆ ಬರೀ ಮರಳು ಅಥವಾ ಡಸ್ಟ್ ತುಂಬಬೇಡಿ. ಸುತ್ತಲಿನ ಎರೆ ನೀರನ್ನು ಹೊರಗೆ ಬಿಡುವುದಿಲ್ಲ. ಮರಳಿನ ಗುಂಡಿ ನೀರಿನ ತೊಟ್ಟಿಯಾಗಿ ತಳದ ಎರೆಯನ್ನು ಇನ್ನಷ್ಟು ಉಬ್ಬಿಸುತ್ತದೆ.

ಇಲ್ಲಿ ಒಂದು ಮುಖ್ಯ ಮಾತು. ನೀರು ಇಂಗುವ ಹಾಸು ಒಳ್ಳೆಯದೆಂದು ಈಚೆಗೆ ಎಲ್ಲ ಕಡೆ ಹೇಳುತ್ತಾರೆ, ಹುಲ್ಲು ಬೆಳೆಯುವ ರಂಧ್ರದ ಬ್ಲಾಕುಗಳನ್ನು ತೋರಿಸುತ್ತಾರೆ. ಕೆಂಪು ಮಣ್ಣಿನಲ್ಲಿ ಅದು ಖಂಡಿತ ಒಳ್ಳೆಯದು, ಬಾವಿ ಬೋರ್‌ವೆಲ್‌ಗೆ ಹಿತ. ಎರೆಯಲ್ಲಿ ಅದೇ ಕೆಡುಕು. ಅಲ್ಲಿ ನೀರು ಹಾಸಿನ ಕೆಳಗೆ ಇಳಿಯಲೇಬಾರದು, ಮೇಲಿಂದಲೇ ಹರಿದು ಆಚೆ ಹೋಗಬೇಕು. ಹಾಸಿನ ಅಂಚಿಗೇ ಹೂವಿನ ಪಾತಿ ಮಾಡಿ ದಿನಾ ನೀರು ಬಿಡುವುದೂ ಬೇಡ. ಗಿಡಗಳನ್ನು ಮೂರು ಅಡಿಯಾದರೂ ದೂರ ಇಡಿ. ಮಳೆನೀರು ಉಳಿಸುವ ಆಸೆಯಿದ್ದರೆ ಚಾವಣಿಯ ನೀರನ್ನು ಪೈಪಿನಲ್ಲಿ ಸಂಪಿಗೆ ತಂದುಕೊಳ್ಳಿ.

3. ಗದ್ದೆ ಬಡಾವಣೆಯಾದರೆ ಒಂದು ಮಳೆಗಾಲ ಬಿಡಿ

ತಿ. ನರಸೀಪುರ, ಬನ್ನೂರು ಕಡೆ ಗದ್ದೆಗಳನ್ನು ಪರಿವರ್ತಿಸಿ ಮಾಡಿದ ಸೈಟುಗಳಲ್ಲಿ ಎರಡು ಮೂರು ಅಡಿ ಮಣ್ಣು ಹೊಡೆಸಿಯೇ ಮನೆ ಕಟ್ಟುವುದು. ಹೊಡೆಸಿದ ಮಣ್ಣು ಕೂರಬೇಕು. ಅಕ್ಕಪಕ್ಕದಲ್ಲಿ ಇನ್ನೂ ಭತ್ತ ನಾಟಿಯಾಗುತ್ತಿದ್ದರೆ ನಾಲೆಯಲ್ಲಿ ನೀರು ಬಿಟ್ಟ ತಿಂಗಳುಗಳಲ್ಲಿ ನೆಲದೊಳಗಿನ ನೀರು ಮೇಲೇರುತ್ತದೆ. ಮನೆಯ ಪಾಯ ಗಟ್ಟಿ ನೆಲ ಮುಟ್ಟಿರುವುದರಿಂದ ಮನೆ ಅಲುಗಾಡುವುದಿಲ್ಲ, ಹಾದಿ ಮಾತ್ರ ಕುಸಿಯುತ್ತದೆ. ಪೋರ್ಟಿಕೋ ಮೆಟ್ಟಿಲ ಬಳಿ ಕಾಣುವ ಆ ಬೆರಳಗಲದ ಬಿರುಕಿಗೆ ಇದೇ ಕಾರಣ.

ಗೃಹಪ್ರವೇಶಕ್ಕೆ ಸೋಲಿಂಗ್ ಮತ್ತು ಜಲ್ಲಿಯಷ್ಟೇ ಹಾಕಿ ಓಡಾಡಿ. ಒಂದು ಮಳೆಗಾಲ ಕಳೆದ ಮೇಲೆ ತಗ್ಗು ಕಂಡಲ್ಲಿ ಮಟ್ಟ ಮಾಡಿಸಿ ಅಂತಿಮ ಹಾಸು ಹಾಕಿಸಿ. ಬಂದವರು ಏನಂದುಕೊಂಡಾರು ಎಂಬ ಚಿಂತೆ ಬೇಡ. ಹಾದಿಯ ಮೇಲೆ ಮುಂದೆ ಓಡಾಡುವವರು ನೀವು.

4. ಹಾದಿಯ ಕೆಳಗೆ ಕಸ ತುಂಬಲು ಬಿಡಬೇಡಿ

ಕಟ್ಟಡದ ಕೆಲಸ ಮುಗಿದಾಗ ಉಳಿಯುವ ಇಟ್ಟಿಗೆ ಚೂರು, ಸೆಂಟ್ರಿಂಗ್ ಹಲಗೆ, ಸಿಮೆಂಟಿನ ಖಾಲಿ ಚೀಲ ಎಲ್ಲವೂ ಹಾದಿಯ ಗುಂಡಿಗೆ ಬೀಳುತ್ತವೆ. ಮರದ ತುಂಡು ಕೊಳೆತು ಟೊಳ್ಳಾಗುತ್ತದೆ, ಜೊತೆಗೆ ಗೆದ್ದಲನ್ನು ಮನೆಯ ಬಾಗಿಲಿಗೇ ಕರೆತರುತ್ತದೆ. ಆ ದಿನ ನೀವು ಸೈಟಿನಲ್ಲಿರಿ.

5. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ನೋಡಿ

10 ಅಡಿ ಅಗಲ, 30 ಅಡಿ ಉದ್ದದ ಹಾದಿಯ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಸುಮಾರು 700 ಲೀಟರ್ ನೀರು. ನಮ್ಮ ಮೇ ತಿಂಗಳ ಗುಡುಗು ಮಳೆ, ಅಕ್ಟೋಬರ್‌ನ ಹಿಂಗಾರು ಅದನ್ನು ಒಂದೇ ಸಂಜೆಯಲ್ಲಿ ಸುರಿದುಬಿಡುತ್ತವೆ. ಆದ್ದರಿಂದ ವಾಟ ಕಡ್ಡಾಯ. ಪ್ರತಿ 10 ಅಡಿಗೆ ಎರಡರಿಂದ ಎರಡೂವರೆ ಇಂಚು, ಮನೆಯಿಂದ ಆಚೆಗೆ. ಮೇಸ್ತ್ರಿ ಕಣ್ಣಳತೆಯಲ್ಲಿ ಹೇಳಿದರೆ ಒಪ್ಪಬೇಡಿ, ಟ್ಯೂಬ್ ಲೆವೆಲ್ ಹಿಡಿಸಿ ಗೋಡೆಗೆ ಗೆರೆ ಎಳೆಸಿ. ಗೇಟಿನೊಳಗೆ ಅಡ್ಡಲಾಗಿ ಜಾಲರಿ ಮುಚ್ಚಿದ ಸಣ್ಣ ಕಾಲುವೆ ಇದ್ದರೆ ಇನ್ನೂ ಒಳ್ಳೆಯದು.

ನದಿ ಹತ್ತಿರದವರಿಗೆ ಬೇರೆ ಲೆಕ್ಕ. ಬೀಚನಹಳ್ಳಿಯ ಕಬಿನಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಪಿಲೆ ಏನು ಮಾಡುತ್ತಾಳೆಂದು 2018 ಮತ್ತು 2019ರ ಆಗಸ್ಟ್‌ನಲ್ಲಿ ನಂಜನಗೂಡಿನ ತಗ್ಗು ಬಡಾವಣೆಗಳು ಕಂಡಿವೆ, ಮೈಸೂರು ರಸ್ತೆಯೇ ಮುಳುಗಿತ್ತು. ಅಂಥ ಕಡೆ ಮರಳಿನ ಮೇಲೆ ಕೂರಿಸುವ ಇಂಟರ್‌ಲಾಕ್ ಬೇಡ. ನೆರೆ ಇಳಿಯುವಾಗ ಸಂದುಗಳ ಮರಳನ್ನು ಎಳೆದುಕೊಂಡೇ ಹೋಗುತ್ತದೆ. ಕಾಂಕ್ರೀಟ್ ಅಥವಾ ದಪ್ಪ ಕಲ್ಲು ಹಾಕಿಸಿ, ಕೆಸರನ್ನು ತೊಳೆದರೆ ಮುಗಿಯಿತು.

6. ಸಂಪು, ಚೇಂಬರ್, ಪೈಪು ಮೊದಲು

30×40 ಅಡಿ ಸೈಟುಗಳಲ್ಲಿ ಸಂಪು ಇರುವುದೇ ಕಾರು ನಿಲ್ಲುವ ಜಾಗದಡಿ. ಸಂಪಿನ ಮೇಲಿನ ಸ್ಲ್ಯಾಬಿಗೆ ಕಾರಿನ ತೂಕದ ಲೆಕ್ಕ ಹಾಕಿ ಕಂಬಿ ಕಟ್ಟಿದ್ದಾರೆಯೇ ಎಂದು ಎಂಜಿನಿಯರರನ್ನು ಕೇಳಿ. ಕೇಳಬೇಕಾದದ್ದು ಸ್ಲ್ಯಾಬ್ ಹಾಕುವ ಮುಂಚೆ, ಟೈಲ್ಸ್ ಹಾಕುವ ದಿನವಲ್ಲ. ಸಂಪಿನ ಬಾಯಿ ಚಕ್ರ ಹಾಯುವ ಜಾಡಿನಲ್ಲಿ ಬರದಿರಲಿ, ಸುತ್ತಲಿನ ಹಾಸಿಗಿಂತ ಎರಡು ಇಂಚು ಎತ್ತರವಿರಲಿ. ಅಂಗಳ ತೊಳೆದ ನೀರು ಕುಡಿಯುವ ನೀರಿಗೆ ಇಳಿಯಬಾರದು.

ಇದೇ ಹೊತ್ತಿಗೆ ಹಾದಿಗೆ ಅಡ್ಡಲಾಗಿ ಎರಡು ಮೂರು ಖಾಲಿ ಪಿವಿಸಿ ಪೈಪು ಹೂತುಬಿಡಿ. ಮುಂದೆ ಗೇಟಿನ ದೀಪಕ್ಕೆ, ಕ್ಯಾಮೆರಾಕ್ಕೆ, ವಿದ್ಯುತ್ ಕಾರಿನ ಚಾರ್ಜರಿಗೆ ವೈರು ಎಳೆಯಬೇಕಾದಾಗ ಹಾಸು ಒಡೆಯಬೇಕಾಗುವುದಿಲ್ಲ. ಬೋರ್‌ವೆಲ್ ಒಳಗಿದ್ದರೆ ಮೋಟರ್ ಎತ್ತುವ ಗಾಡಿ ಹತ್ತಿರ ಬರುವಷ್ಟು ಗಟ್ಟಿ ಜಾಗ ಇಟ್ಟುಕೊಳ್ಳಿ.

7. ಏನು ಓಡಾಡುತ್ತದೆಂದು ಪ್ರಾಮಾಣಿಕವಾಗಿ ಬರೆದಿಡಿ

ಊರೊಳಗಿನ ಮನೆಗೆ ಸ್ಕೂಟರು, ಒಂದು ಕಾರು. ಹಳ್ಳಿಯ ಮನೆಗೆ ಭತ್ತದ ಮೂಟೆ ಹೊತ್ತ ಟ್ರ್ಯಾಕ್ಟರ್ ಟ್ರೇಲರ್, ಗೊಬ್ಬರದ ಗಾಡಿ, ವರ್ಷಕ್ಕೊಮ್ಮೆ ಲಾರಿ. ಕಾರಿಗೆ 4 ಇಂಚಿನ ಕಾಂಕ್ರೀಟ್ ಸಾಕು, ಟ್ರ್ಯಾಕ್ಟರಿಗೆ 6 ಇಂಚು ಬೇಕು. ಇಂಟರ್‌ಲಾಕ್ ಆದರೆ ಕಾರಿಗೆ 60 ಮಿ.ಮೀ., ಟ್ರ್ಯಾಕ್ಟರಿಗೆ 80 ಮಿ.ಮೀ. ವರ್ಷಕ್ಕೆ ಒಂದೇ ಸಲ ಬಂದರೂ ಭಾರದ ಗಾಡಿ ಗಾಡಿಯೇ. ಅದನ್ನು ಲೆಕ್ಕದಿಂದ ಬಿಟ್ಟರೆ ಆ ಒಂದು ಸಲವೇ ಹಾಸು ಒಡೆಯುತ್ತದೆ.

8. ಕೆಂಪು ಮಣ್ಣಿಗೆ ಕಾಂಕ್ರೀಟ್, ಆದರೆ ಕಟ್ ಇರಲೇಬೇಕು

ಗಟ್ಟಿ ಕೆಂಪು ಮಣ್ಣಿನ ಸೈಟಿಗೆ ಕಾಂಕ್ರೀಟೇ ಮೊದಲ ಆಯ್ಕೆ. ಬಾಳಿಕೆ ಬರುತ್ತದೆ, ಕಳೆ ಬೆಳೆಯುವುದಿಲ್ಲ, ಊರಿನ ಯಾವ ಗಾರೆ ಕೆಲಸದವರೂ ಮಾಡಬಲ್ಲರು. ಕೆಡುವುದು ನಾಲ್ಕು ಕಡೆ: ನೀರು, ಕಟ್, ಕ್ಯೂರಿಂಗ್, ಅವಸರ.

ನೀರಿನದು ಮೊದಲು. ಒಂದು ಸಿಮೆಂಟ್, ಒಂದೂವರೆ ಎಂ-ಸ್ಯಾಂಡ್, ಮೂರು ಜಲ್ಲಿ ಎಂ20ರ ಅಳತೆ. 50 ಕೆ.ಜಿ. ಚೀಲಕ್ಕೆ 25ರಿಂದ 30 ಲೀಟರ್ ನೀರು, ಅದಕ್ಕೆ ಮೇಲೆ ಬೇಡ. ಮಿಲ್ಲರ್ ಯಂತ್ರದ ಹತ್ತಿರ ನಿಂತು ನೋಡಿ: ಬಾಂಡ್ಲಿಯಿಂದ ಸುರಿದ ಮಾಲು ಗುಡ್ಡೆಯಾಗಿ ನಿಂತರೆ ಸರಿ, ಗಂಜಿಯಂತೆ ಹರಿದರೆ ನೀರು ಹೆಚ್ಚಾಗಿದೆ. ಸಿಮೆಂಟಿನ ಲೆಕ್ಕವೂ ನಿಮ್ಮ ಕೈಯಲ್ಲಿರಲಿ. 10ಕ್ಕೆ 30 ಅಡಿಯ ಹಾದಿಗೆ 4 ಇಂಚು ದಪ್ಪವಾದರೆ ಸುಮಾರು 23 ಚೀಲ, 6 ಇಂಚಾದರೆ ಸುಮಾರು 34 ಚೀಲ. ಹದಿನೈದು ಚೀಲದಲ್ಲಿ ಮುಗಿಸಿದರೆ ದಪ್ಪದಲ್ಲೋ ಅಳತೆಯಲ್ಲೋ ಕಳವಾಗಿದೆ.

ಕಾಂಕ್ರೀಟ್ ಒಣಗುತ್ತಾ ಕುಗ್ಗುತ್ತದೆ. ಎಲ್ಲಿ ಸೀಳಬೇಕೆಂದು ನೀವು ತೋರಿಸದಿದ್ದರೆ ಅದು ತನಗೆ ಬೇಕಾದ ಕಡೆ ಸೀಳುತ್ತದೆ. 4 ಇಂಚಿನ ಹಾಸಿಗೆ 8ರಿಂದ 10 ಅಡಿಗೊಂದು ಕಟ್ ಬೇಕು. ಮೇಲಿನ ಅಳತೆಯ ಹಾದಿಯನ್ನು ಮೂರು ಚೌಕ ಮಾಡಿದರೆ ಸರಿಹೋಗುತ್ತದೆ. ಕಟ್ ಆಳ ಒಂದು ಇಂಚಿಗಿಂತ ಕಡಿಮೆಯಿರಬಾರದು. ಮಾಲು ಗಟ್ಟಿಯಾದ ಮಾರನೆಯ ದಿನವೇ ಕಟ್ಟರ್ ಹೊಡೆಸಬೇಕು, ಒಂದು ವಾರ ಬಿಟ್ಟರೆ ಸೀಳು ಆಗಲೇ ಹುಟ್ಟಿರುತ್ತದೆ. ಮನೆಯ ಪಾಯಕ್ಕೂ ಹಾದಿಗೂ ನಡುವೆ ಅರ್ಧ ಇಂಚಿನ ಥರ್ಮೊಕೋಲ್ ಇಟ್ಟು ಬೇರ್ಪಡಿಸಿ. ಎರಡನ್ನೂ ಬೆಸೆದರೆ ಹಾದಿ ಕೂತಾಗ ಮೆಟ್ಟಿಲನ್ನೂ ಎಳೆದುಕೊಳ್ಳುತ್ತದೆ.

ಇಲ್ಲಿ ಹೆಚ್ಚು ಮಾರಾಟವಾಗುವ ಪಿಪಿಸಿ ಸಿಮೆಂಟಿಗೆ ಕನಿಷ್ಠ 10 ದಿನ, ಬಿಸಿಲು ಕಾಲದಲ್ಲಿ 14 ದಿನ ಕ್ಯೂರಿಂಗ್ ಬೇಕು. ಬೆಳಿಗ್ಗೆ ಸಂಜೆ ಪೈಪ್ ಹಿಡಿದರೆ ಸಾಲದು. ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿ, ಇಲ್ಲವೇ ಗೋಣಿತಾಟು ಹಾಸಿ ಸದಾ ತೇವವಾಗಿಡಿ. ಎರಡು ವಾರ ಕಾರು ಬೀದಿಯಲ್ಲೇ ನಿಲ್ಲಲಿ. ಮೂಟೆ ಹೊತ್ತ ಟ್ರ್ಯಾಕ್ಟರ್ 28 ದಿನವಾದ ಮೇಲೆ ಬರಲಿ. ಮೇಲ್ಮೈಯನ್ನು ಕನ್ನಡಿಯಂತೆ ನಯ ಮಾಡಿಸಬೇಡಿ, ಹಸಿಯಿರುವಾಗ ಪೊರಕೆಯಿಂದ ಅಡ್ಡ ಗೆರೆ ಎಳೆಸಿ. ಹಸು, ಎಮ್ಮೆ ಹಾಯುವ ಮನೆಗಳಲ್ಲಿ ಇದು ಇನ್ನೂ ಮುಖ್ಯ. ನಯವಾದ ನೆಲದಲ್ಲಿ ಗೊರಸು ಜಾರಿ ದನ ಬಿದ್ದರೆ ಏಳಿಸುವುದು ಕಷ್ಟ.

9. ಎರೆ ಮಣ್ಣಿಗೆ ಇಂಟರ್‌ಲಾಕ್, ಆದರೆ ಒಳ್ಳೆಯ ಬ್ಲಾಕ್

ಮಣ್ಣು ಬದಲಿಸಿದ ಮೇಲೂ ಎರೆ ಸ್ವಲ್ಪ ಆಡುತ್ತದೆ. ಆಗ ಕಾಂಕ್ರೀಟ್ ಸೀಳಿದರೆ ಸೀಳಿಯೇ ಹೋಯಿತು. ಇಂಟರ್‌ಲಾಕ್ ತಗ್ಗಾದರೆ ಅಷ್ಟು ಬ್ಲಾಕು ಕಿತ್ತು, ಕೆಳಗೆ ತುಂಬಿ, ಅವೇ ಬ್ಲಾಕನ್ನು ಕೂರಿಸಬಹುದು. ಎರೆ ಸೈಟಿಗೆ ನಾನು ಇದನ್ನೇ ಹೇಳುವುದು. ಆದರೆ ಎರಡನೆಯ ಸೂತ್ರದ ಪ್ರಕಾರ ಸಂದಿನಿಂದ ನೀರಿಳಿಯಬಾರದಲ್ಲ, ಅದಕ್ಕೆ ಸಂದುಗಳನ್ನು ಸಣ್ಣ ಒಣ ಮರಳಿನಿಂದ ಗಿಡಿದು ತುಂಬಿಸಿ, ವಾಟವನ್ನು ಎರಡೂವರೆ ಇಂಚಿಗಿಂತ ಕಡಿಮೆ ಮಾಡಬೇಡಿ. ಕೆಳಗೆ ಸೋಲಿಂಗ್ ಮೇಲೆ ಬೆಡ್ ಕಾಂಕ್ರೀಟ್ ಹಾಕಿಸಿದರೆ ನಿಶ್ಚಿಂತೆ.

ಬ್ಲಾಕ್ ಕೊಳ್ಳುವಾಗ ಟೇಪು ಜೊತೆಗಿರಲಿ. 60 ಎಂದು ಹೇಳಿ 50 ಮಿ.ಮೀ. ಕೊಡುವುದು ಹೊಸದಲ್ಲ. ರಬ್ಬರ್ ಅಚ್ಚಿನಲ್ಲಿ ಎರಕ ಹೊಯ್ದ ಮಿರುಗುವ ಬಣ್ಣದ ಬ್ಲಾಕು ನೋಟಕ್ಕೆ ಚೆನ್ನ, ಮಳೆಯಲ್ಲಿ ಜಾರುತ್ತದೆ. ಯಂತ್ರದಲ್ಲಿ ಒತ್ತಿದ ಒರಟು ಮೈಯ ಬ್ಲಾಕೇ ಕಾರಿನ ಹಾದಿಗೆ ತಕ್ಕದ್ದು. ಭಾರತೀಯ ಮಾನಕ ಐಎಸ್ 15658ರ ಪ್ರಕಾರ ಹಗುರ ವಾಹನಕ್ಕೆ ಎಂ35 ದರ್ಜೆಯ 60 ಮಿ.ಮೀ. ಬ್ಲಾಕ್. ಈ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಎರಡು ಬ್ಲಾಕನ್ನು ಒಂದಕ್ಕೊಂದು ತಟ್ಟಿ ನೋಡಿ, ಠಣ್ ಎಂದರೆ ಸರಿ, ಸದ್ದು ಮಂಕಾಗಿದ್ದರೆ ಸಾಕಷ್ಟು ಕ್ಯೂರಿಂಗ್ ಆಗಿಲ್ಲ.

ಬ್ಲಾಕಿನಡಿಯ ಮರಳು ಒಂದರಿಂದ ಒಂದೂವರೆ ಇಂಚು ಮಾತ್ರ. ಕೆಳಗಿನ ಮಟ್ಟ ಸರಿಯಿಲ್ಲದ್ದನ್ನು ಮುಚ್ಚಲು ಮೂರು ನಾಲ್ಕು ಇಂಚು ಡಸ್ಟ್ ಸುರಿಯುವುದು ಸಾಮಾನ್ಯ. ಚಕ್ರದ ಜಾಡು ಇಳಿಯುವುದು ಇದರಿಂದಲೇ. ಎರಡೂ ಅಂಚಿಗೆ ಕಾಂಕ್ರೀಟ್ ಕಟ್ಟು ಇಲ್ಲದಿದ್ದರೆ ಬ್ಲಾಕು ಪಕ್ಕಕ್ಕೆ ಸರಿಯುತ್ತಾ ಸರಿಯುತ್ತಾ ಸಂದು ಬಾಯ್ಬಿಡುತ್ತದೆ. ಸಾಲುಗಳನ್ನು ನೇರವಾಗಿ ಜೋಡಿಸುವ ಬದಲು ಓರೆಯಾಗಿ ಒಂದಕ್ಕೊಂದು ಹೆಣೆದಂತೆ ಜೋಡಿಸಿದರೆ ಬ್ರೇಕ್ ಹಾಕಿದಾಗಲೂ ಕದಲುವುದಿಲ್ಲ. ಸಂದಿನಲ್ಲಿ ಗರಿಕೆ, ತುಂಗೆ ಬರುವುದು ನಿಜ. ಮಳೆಗಾಲದ ಆರಂಭದಲ್ಲೇ ಬೇರುಸಹಿತ ಕಿತ್ತು ಮತ್ತೆ ಮರಳು ತುಂಬಿ. ಕಳೆನಾಶಕ ಸಿಂಪಡಿಸಿ ಸಂಪಿನ ಹತ್ತಿರ ವಿಷ ಹರಡಬೇಡಿ.

10. ಕೈಗೆಟುಕಿದರೆ ಕಲ್ಲು

ನಮ್ಮ ಸೀಮೆ ಕಲ್ಲಿನ ಸೀಮೆ. ಶ್ರೀಕಂಠೇಶ್ವರನ ದೇವಸ್ಥಾನದಲ್ಲಿ ಬರಿಗಾಲಲ್ಲಿ ನಡೆದವರಿಗೆ ಕಲ್ಲುಹಾಸಿನ ಗುಣ ಹೇಳಬೇಕಾಗಿಲ್ಲ, ತಲೆಮಾರುಗಳ ಕಾಲು ತುಳಿದರೂ ನಿಂತಿದೆ. ಒರಟು ಮೈಯ ಬೂದು ಗ್ರಾನೈಟ್ ಚಪ್ಪಡಿ ಮೂರು ಇಂಚು ದಪ್ಪವಿದ್ದರೆ ಕಾರಿಗೆ ಧಾರಾಳವಾಯಿತು. ಸಾದರಹಳ್ಳಿ ಕಲ್ಲೆಂದು ಬೆಂಗಳೂರಿನಿಂದಲೇ ತರಿಸಬೇಕಿಲ್ಲ. ಹತ್ತಿರದ ಕಲ್ಲು ಕೆಲಸದವರ ಬಳಿ ಮೊದಲು ವಿಚಾರಿಸಿ, ಲಾರಿ ಬಾಡಿಗೆ ಉಳಿಯುತ್ತದೆ. ಹಳೆ ಮನೆ ಕೆಡವಿದ ಕಡೆ ಚಪ್ಪಡಿ ಸಿಕ್ಕರೆ ಬಿಡಬೇಡಿ. ಪಾಲಿಶ್ ಗ್ರಾನೈಟ್ ಮತ್ತು ಕಡಪ ಕಲ್ಲು ಮಾತ್ರ ಹಾದಿಗೆ ಬೇಡವೇ ಬೇಡ. ಮಳೆಯಲ್ಲಿ ಅಜ್ಜಿ ತಾತ ಜಾರಿ ಸೊಂಟ ಮುರಿದುಕೊಳ್ಳುವುದು ಅಂಥ ಕಲ್ಲಿನ ಮೇಲೆಯೇ.

11. ಪಾರ್ಕಿಂಗ್ ಟೈಲ್ಸ್ ಹಾಕಿಸುವುದಾದರೆ

ಸಣ್ಣ ಸೈಟಿಗೆ ಚೊಕ್ಕಟವಾಗಿ ಕಾಣುತ್ತದೆ, ತೊಳೆಯಲು ಸುಲಭ. ಆದರೆ ಟೈಲ್ಸ್ ತಾನು ತೂಕ ಹೊರುವುದಿಲ್ಲ, ಕೆಳಗಿನ ಬೆಡ್ ಕಾಂಕ್ರೀಟ್ ಹೊರುತ್ತದೆ. ಬೆಡ್ ನಾಲ್ಕು ಇಂಚಿರಲಿ. ಟೈಲ್ಸ್ ಅಡಿ ಒಂದು ಮೂಲೆಯೂ ಟೊಳ್ಳಿರಬಾರದು. ಕೂರಿಸಿದ ಮಾರನೆಯ ದಿನ ಒಂದು ರೂಪಾಯಿ ನಾಣ್ಯದಿಂದ ಪ್ರತಿಯೊಂದನ್ನೂ ನಾಲ್ಕು ಮೂಲೆಯಲ್ಲಿ ತಟ್ಟಿ ನೋಡಿ, ಡಬ್ ಡಬ್ ಎಂದದ್ದನ್ನು ಆಗಲೇ ಕೀಳಿಸಿ. ಗೋಡೆ, ನೆಲಕ್ಕೆ ಹಾಕುವ ತೆಳು ಟೈಲ್ಸ್ ಉಳಿದಿದೆಯೆಂದು ಹೊರಗೆ ಹಾಕಿಸಬೇಡಿ.

12. ಡಾಂಬರು ಬೇಡ, ಜಲ್ಲಿಯನ್ನು ಮರೆಯಬೇಡಿ

ಹತ್ತಿರದಲ್ಲಿ ರಸ್ತೆ ಕೆಲಸ ನಡೆಯುವಾಗ "ಉಳಿದದ್ದನ್ನು ನಿಮ್ಮ ಮನೆಗೆ ಹಾಕ್ಬಿಡ್ತೀವಿ" ಎಂದು ಬಂದರೆ ಒಪ್ಪಬೇಡಿ. ಬಿಸಿ ಆರಿದ ಡಾಂಬರು ಒತ್ತಿಕೊಳ್ಳುವುದಿಲ್ಲ, ದೊಡ್ಡ ರೋಲರ್ ನಿಮ್ಮ ಗೇಟಿನೊಳಗೆ ತಿರುಗುವುದೂ ಇಲ್ಲ.

ತೋಟದ ಮನೆಗೆ, ಉದ್ದ ಹಾದಿಗೆ ಜಲ್ಲಿಯೇ ಜಾಣತನ. ಸೋಲಿಂಗ್ ಮೇಲೆ ಗ್ರಾವೆಲ್ ಕೂರಿಸಿ, ಮೇಲೆ ಎರಡು ಇಂಚು 20 ಮಿ.ಮೀ. ಜಲ್ಲಿ. ದುಂಡು ಕಲ್ಲು ಬೇಡ, ಕ್ರಷರಿನ ಮೂಲೆ ಮೂಲೆ ಜಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಇನ್ನೊಂದು ದಾರಿ, ಚಕ್ರ ಹಾಯುವಲ್ಲಿ ಮಾತ್ರ ಎರಡೆರಡು ಅಡಿ ಅಗಲದ ಎರಡು ಕಾಂಕ್ರೀಟ್ ಪಟ್ಟಿ, ನಡುವೆ ಹುಲ್ಲು ಅಥವಾ ಜಲ್ಲಿ. 10 ಅಡಿ ಅಗಲಕ್ಕೆ ಬೇಕಾದ ಕಾಂಕ್ರೀಟಿನ ಅರ್ಧಕ್ಕಿಂತ ಕಡಿಮೆಯಲ್ಲಿ ಮುಗಿಯುತ್ತದೆ. ಯಾವುದೇ ಹಾಸಿಗೂ ನದಿಯ ಮರಳು ಕೇಳಬೇಡಿ. ಈ ಕೆಲಸಕ್ಕೆ ಎಂ-ಸ್ಯಾಂಡ್ ಸಾಕು, ಕಪಿಲೆ ಕಾವೇರಿಯರ ಒಡಲು ಬಗೆದದ್ದು ಈಗಾಗಲೇ ಹೆಚ್ಚಾಗಿದೆ.

13. ರಂಗೋಲಿಗೆ, ಚಪ್ಪರಕ್ಕೆ, ರಾಗಿ ಒಣಹಾಕಲು ಜಾಗ

ಹಾದಿ ಕಾರಿಗೊಂದೇ ಅಲ್ಲ. ಗೇಟಿನ ಮುಂದೆ ನಾಲ್ಕೈದು ಅಡಿ ಸಮನಾದ, ಕಡುಬಣ್ಣದ ಕಲ್ಲೋ ಕಾಂಕ್ರೀಟೋ ಇರಲಿ. ಇಂಟರ್‌ಲಾಕಿನ ಸಂದುಗಳ ಮೇಲೆ ರಂಗೋಲಿ ಎಳೆ ನಿಲ್ಲುವುದಿಲ್ಲ. ಈ ಮಾತನ್ನು ದಿನಾ ರಂಗೋಲಿ ಹಾಕುವವರನ್ನು ಕೇಳಿಯೇ ತೀರ್ಮಾನಿಸಿ. ಹಳ್ಳಿ ಮನೆಯಲ್ಲಿ ರಾಗಿ, ಹುರುಳಿ, ಮೆಣಸಿನಕಾಯಿ ಒಣಹಾಕುವ ಅಂಗಳವೂ ಅದೇ ಆಗಿದ್ದರೆ ಜಲ್ಲಿ ಬಿಟ್ಟು ಕಾಂಕ್ರೀಟ್ ಆರಿಸಿ.

ಚಪ್ಪರದ ವಿಷಯ ಬಹಳ ಮಂದಿಗೆ ಹೊಳೆಯುವುದೇ ಇಲ್ಲ. ಮನೆಯಲ್ಲಿ ಮದುವೆ, ನಾಮಕರಣ ಬಂದಾಗ ಕಂಬ ನೆಡಲು ಹೊಸ ಹಾಸಿಗೆ ಹಾರೆ ಹಾಕುತ್ತಾರೆ. ಕಾಂಕ್ರೀಟ್ ಹಾಕುವಾಗಲೇ ಎರಡೂ ಅಂಚಿನಲ್ಲಿ ಎಂಟು ಹತ್ತು ಅಡಿಗೊಂದರಂತೆ ಒಂದೂವರೆ ಅಡಿ ಆಳದ ಪೈಪಿನ ತುಂಡು ನಿಲ್ಲಿಸಿ ಮುಚ್ಚಳ ಹಾಕಿಬಿಡಿ. ಬಾಳೆಕಂಬಕ್ಕೂ ಆಯಿತು, ಗೌರಿ ಗಣೇಶನ ಹಬ್ಬದ ಶಾಮಿಯಾನಕ್ಕೂ ಆಯಿತು.

14. ರಸ್ತೆ ನಿಮ್ಮದಲ್ಲ; ಕರಾರು ಮಾತ್ರ ನಿಮ್ಮ ಕೈಯಲ್ಲಿದೆ

ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಏರುತ್ತಲೇ ಇರುತ್ತದೆ. ಹಾಗಾಗಿ ಗೇಟಿನ ಮಟ್ಟ ಈಗಿನ ರಸ್ತೆಗಿಂತ ಒಂದು ಅಡಿಯಾದರೂ ಮೇಲಿರಲಿ. ಆದರೆ ಒಂದು ಅಡಿ ಏರಲು ಕಾರಿಗೆ ಎಂಟು ಅಡಿ ಉದ್ದದ ಇಳಿಜಾರು ಬೇಕು, ಇಲ್ಲದಿದ್ದರೆ ಹೊಟ್ಟೆ ಉಜ್ಜುತ್ತದೆ. ಆ ಎಂಟು ಅಡಿಯನ್ನು ನಿಮ್ಮ ಸೈಟಿನೊಳಗೇ ಹುಡುಕಿ. ಚರಂಡಿಯನ್ನು ಕಾಂಕ್ರೀಟಿನಿಂದ ಮುಚ್ಚಿ ಬೀದಿಗೆ ರ‍್ಯಾಂಪು ಚಾಚಿದರೆ ಕಸ ಕಟ್ಟಿ ಮೇಲಿನ ಮನೆಯವರ ಬಾಗಿಲಿಗೆ ನೀರು ನುಗ್ಗುತ್ತದೆ. ಹೂಳೆತ್ತುವ ದಿನ ನಗರಸಭೆ, ಪುರಸಭೆಯವರು ಅದನ್ನು ಒಡೆದರೆ ಕೇಳುವಂತಿಲ್ಲ. ಎತ್ತಿಡಬಹುದಾದ ಸ್ಲ್ಯಾಬು ಅಥವಾ ಕಬ್ಬಿಣದ ಜಾಲರಿ ಹಾಕಿ.

ಕೆಲಸಕ್ಕೆ ನವೆಂಬರ್ ಕೊನೆಯಿಂದ ಫೆಬ್ರವರಿವರೆಗಿನ ಕಾಲ ಹಿತ. ಹಿಂಗಾರು ಮುಗಿದಿರುತ್ತದೆ, ಬಿಸಿಲು ಇನ್ನೂ ಏರಿರುವುದಿಲ್ಲ. ಚದರ ಅಡಿಗೆ ಇಷ್ಟು ಎಂದು ಬಾಯಲ್ಲಿ ಹೇಳಿದ ದರದಲ್ಲಿ ಮಣ್ಣು ತೆಗೆಯುವುದು, ಗ್ರಾವೆಲ್, ಸೋಲಿಂಗ್, ಅಂಚು ಕಟ್ಟು ಸೇರಿವೆಯೇ ಎಂದು ಕೇಳಿ, ದಪ್ಪ, ದರ್ಜೆ, ವಾಟ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಸಿಕೊಳ್ಳಿ. ಒಟ್ಟು ಹಣದ ಹತ್ತರಲ್ಲೊಂದು ಪಾಲನ್ನು ಮೊದಲ ಜೋರು ಮಳೆ ಬಿದ್ದ ಮೇಲೆ, ನೀರು ಎಲ್ಲೂ ನಿಲ್ಲಲಿಲ್ಲವೆಂದು ಇಬ್ಬರೂ ನಿಂತು ನೋಡಿಯೇ ಕೊಡುವುದೆಂದು ಅದರಲ್ಲಿ ಸೇರಿಸಿ. ತನ್ನ ಕೆಲಸದ ಮೇಲೆ ನಂಬಿಕೆಯಿರುವ ಮೇಸ್ತ್ರಿ ಇದಕ್ಕೆ ಒಪ್ಪುತ್ತಾನೆ. ಒಪ್ಪದವನಿಗೆ ಕೆಲಸ ಕೊಡಬೇಡಿ.